ಪ್ಯಾರಾವಿಂಗ್: ಹಾರಿಸುವ ಮೊದಲು ಮಡಚಲು ಕಲಿಯಿರಿ

ಪ್ರಶ್ನೆ: ನನ್ನ ಊರು ಕಾಪು, ಈಗ ಇರುವುದು ಒರೆಗಾನ್‌ನ ಹಿಲ್ಸ್‌ಬರೊದಲ್ಲಿ. ಕೆಲವು ಬೇಸಿಗೆಗಳಿಂದ ಕೊಲಂಬಿಯಾ ನದಿ ದಡದ ಊರಾದ ಹುಡ್ ರಿವರ್‌ಗೆ ಹೋಗಿ ವಿಂಗ್ ಫಾಯಿಲಿಂಗ್ ಮಾಡುತ್ತಿದ್ದೇನೆ, ಅಂದರೆ ಗಾಳಿ ತುಂಬಿದ ರೆಕ್ಕೆಯನ್ನು (ವಿಂಗ್) ಕೈಯಲ್ಲಿ ಹಿಡಿದು, ಅಡಿಯಲ್ಲಿ ನೀರೊಳಗಿನ ರೆಕ್ಕೆ (ಫಾಯಿಲ್) ಇರುವ ಬೋರ್ಡನ್ನು ನೀರಿನಿಂದ ಮೇಲೆಬ್ಬಿಸಿ ಓಡಿಸುವುದು. ತೂಕ 76 ಕಿಲೋ. ನನ್ನ ಬಳಿ 5 ಮತ್ತು 4 ಚದರ ಮೀಟರ್ ವಿಂಗ್‌ಗಳಿವೆ. ಈಗ ಅಲ್ಲಿ ಬಹಳ ಜನ ಪ್ಯಾರಾವಿಂಗ್ (ದಾರಗಳಿರುವ ತೆಳು ಬಟ್ಟೆಯ ರೆಕ್ಕೆ) ಹಿಡಿದು ಏಳುತ್ತಾರೆ, ಆಮೇಲೆ ಅದನ್ನು ಸೊಂಟದ ಚೀಲಕ್ಕೆ ತುರುಕಿ ಬರಿಗೈಯಲ್ಲಿ ಅಲೆಗಳ ಮೇಲೆ ಇಳಿದು ಬರುತ್ತಾರೆ. ನನಗೂ ಪಶ್ಚಿಮಕ್ಕಿರುವ ವಿಯೆಂಟೊದಿಂದ ಹುಡ್ ರಿವರ್‌ವರೆಗೆ ಹಾಗೆ ಬರಬೇಕೆಂಬ ಆಸೆ. ಯಾವ ಅಳತೆಯದನ್ನು ಕೊಳ್ಳಲಿ, ಎಲ್ಲಿಂದ ಶುರು ಮಾಡಲಿ? ರಜೆಗೆ ಬಂದಾಗ ಕಾಪು ಕಡಲಿನಲ್ಲೂ ಇದು ನಡೆಯುತ್ತದೆಯೇ?

ಉತ್ತರ: ಕೊಳ್ಳುವ ಮಾತನ್ನು ಸ್ವಲ್ಪ ಹಿಂದಕ್ಕೆ ಇಡೋಣ. ನಿಮ್ಮ ಈಗಿನ ವಿಂಗ್ ಹಿಡಿದೇ ಒಂದು ಪರೀಕ್ಷೆ ಮಾಡಿಕೊಳ್ಳಿ. ಫಾಯಿಲ್ ಮೇಲೆ ಎದ್ದ ನಂತರ ಒಂದು ಒಳ್ಳೆಯ ಉಬ್ಬಲೆ ಹಿಡಿದು ಗಾಳಿ ಹೋಗುವ ಕಡೆಗೇ ತಿರುಗಿ. ವಿಂಗನ್ನು ಮುಂದಿನ ಹಿಡಿಕೆಯಲ್ಲಿ ಒಂದೇ ಕೈಯಿಂದ ಹಿಡಿದು, ಅದು ಸುಮ್ಮನೆ ತೇಲಾಡಲು ಬಿಡಿ. ಗಾಳಿಯ ಎಳೆತ ಒಂದಿಷ್ಟೂ ಇಲ್ಲದೆ, ಒಂದು ಉಬ್ಬಿನಿಂದ ಇನ್ನೊಂದಕ್ಕೆ ದಾಟಿಕೊಂಡು ಅರ್ಧ ನಿಮಿಷ ಸಾಗಬಲ್ಲಿರಾ? ಬಲ್ಲಿರಾದರೆ ಪ್ಯಾರಾವಿಂಗ್‌ಗೆ ನೀವು ಸಿದ್ಧ. ಆಗದಿದ್ದರೆ ಈ ಬೇಸಿಗೆಯನ್ನು ಆ ಅಭ್ಯಾಸಕ್ಕೇ ಕೊಡಿ. ಪ್ಯಾರಾವಿಂಗ್ ನಿಮ್ಮನ್ನು ನೀರಿನಿಂದ ಮೇಲಕ್ಕೆ ಎತ್ತಿಕೊಡುತ್ತದೆ, ಅಷ್ಟೆ. ಮಡಚಿಟ್ಟ ನಂತರದ ದಾರಿಯೆಲ್ಲ ನಿಮ್ಮ ಕಾಲು, ನಿಮ್ಮ ಕಣ್ಣು. ಉಬ್ಬಲೆ ಓದಲು ಬಾರದವರ ಸೊಂಟದಲ್ಲಿ ಅದು ಒದ್ದೆ ಬಟ್ಟೆಯ ಗಂಟಾಗಿ ಉಳಿಯುತ್ತದೆ.

ಈ ಸಾಧನದ ಹುಟ್ಟು ಹವಾಯಿಯ ಮಾವಿ ದ್ವೀಪದಲ್ಲಿ. ಅಲ್ಲಿನ ಮಲಿಕೊ ಕಮರಿಯಿಂದ ಕಹುಲುಯಿ ಬಂದರಿನ ಕಡೆಗೆ ಸುಮಾರು 15 ಕಿಲೋಮೀಟರ್ ಗಾಳಿಯ ಜೊತೆ ಸಾಗುವ ದಾರಿ ಡೌನ್‌ವಿಂಡ್ ಆಟದವರಿಗೆಲ್ಲ ಗೊತ್ತಿರುವಂಥದ್ದು. ಬಿಆರ್‌ಎಂ ಎಂಬ ಸಣ್ಣ ಸಂಸ್ಥೆಯ ಗ್ರೆಗ್ ಡ್ರೆಕ್ಸ್ಲರ್ 2024ರಲ್ಲಿ ತಂದ ಪ್ಯಾರಾವಿಂಗ್‌ಗೆ ಮಲಿಕೊ ಎಂದೇ ಹೆಸರಿಟ್ಟರು. ಹಿಂದೆಯೇ ಫ್ಲೋ, ಓಜೋನ್, ಡ್ಯುಯೋಟೋನ್, ಎಫ್-ವನ್ ಕಂಪನಿಗಳೂ ತಮ್ಮ ತಮ್ಮವನ್ನು ತಂದವು. ಎಲ್ಲದರ ಮೂಲ ರೂಪ ಒಂದೇ: ಒಂದೇ ಪದರದ ತೆಳು ಬಟ್ಟೆ, ಅದರಿಂದ ಇಳಿದು ಬರುವ ದಾರಗಳು, ಕೈಯಲ್ಲಿ ಹಿಡಿಯಲು ಒಂದು ಗಿಡ್ಡ ಬಾರ್. ಗಾಳಿ ತುಂಬುವ ಕೊಳವೆ ಇಲ್ಲ, ಪಂಪ್ ಬೇಕಿಲ್ಲ. ಮಡಚಿದರೆ ಸೊಂಟದ ಚೀಲದೊಳಗೆ ಕೂರುತ್ತದೆ.

ಕೊಳವೆ ಇಲ್ಲ ಎಂಬ ಈ ಒಂದು ಸಂಗತಿಯಿಂದಲೇ ಇದರ ಗುಣ, ದೋಷ ಎರಡೂ ಹುಟ್ಟುತ್ತವೆ. ನಿಮ್ಮ ವಿಂಗ್‌ನ ಮುಂಅಂಚಿನಲ್ಲಿ ಗಾಳಿ ತುಂಬಿರುವುದರಿಂದ ಗಾಳಿ ನಿಂತರೂ ಅದರ ಆಕಾರ ಕೆಡುವುದಿಲ್ಲ. ಪ್ಯಾರಾವಿಂಗ್‌ಗೆ ಆಕಾರ ಕೊಡುವುದೇ ಬೀಸುವ ಗಾಳಿ. ಗಾಳಿ ತಪ್ಪಿತೋ, ಬಟ್ಟೆ ಮುದುಡಿ ನೀರಿಗೆ ಬೀಳುತ್ತದೆ.

ಇಲ್ಲಿ ಒಂದು ಲೆಕ್ಕ ಚೆನ್ನಾಗಿ ಮನಸ್ಸಿಗೆ ಇಳಿಯಬೇಕು. ಗಾಳಿ 18 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಬೀಸುತ್ತಿದೆ ಎಂದುಕೊಳ್ಳಿ. ನೀವು ಉಬ್ಬಲೆಯ ಇಳಿಜಾರಿನಲ್ಲಿ ನೇರವಾಗಿ ಗಾಳಿ ಹೋಗುವ ಕಡೆಗೇ 14 ನಾಟ್‌ನಲ್ಲಿ ಓಡುತ್ತಿದ್ದೀರಿ. ಆಗ ನಿಮಗೂ ನಿಮ್ಮ ಪ್ಯಾರಾವಿಂಗ್‌ಗೂ ತಾಗುವ ಗಾಳಿ ಬರೀ 4 ನಾಟ್. ದಾರಗಳು ಸಡಿಲಾಗುತ್ತವೆ, ಬಟ್ಟೆ ಮುಂದಕ್ಕೆ ಜಾರಿ ತಲೆಯ ಮೇಲೋ ಬೋರ್ಡಿನ ಮುಂದೋ ಬೀಳುತ್ತದೆ, ನೀವು ಅದರ ಮೇಲೆಯೇ ಹರಿದು ಹೋಗುತ್ತೀರಿ. ಫಾಯಿಲ್‌ಗೆ ದಾರ ಸುತ್ತಿಕೊಳ್ಳುವುದು ಬಹುಮಟ್ಟಿಗೆ ಹೀಗೆಯೇ. ಹೊಸಬರು ಗಾಳಿ ಸಾಲಲಿಲ್ಲ, ದೊಡ್ಡ ಅಳತೆ ಬೇಕಿತ್ತು ಅಂದುಕೊಳ್ಳುತ್ತಾರೆ. ಬೇಕಿದ್ದದ್ದು ಒಂದೋ ಇನ್ನೂ ಮೊದಲೇ ಮಡಚುವುದು, ಇಲ್ಲವೇ ಬೋರ್ಡನ್ನು ಓರೆಯಾಗಿ ಓಡಿಸುವುದು. ಪ್ಯಾರಾವಿಂಗ್ ತೆರೆದಿರುವಷ್ಟು ಹೊತ್ತು ಗಾಳಿಗೆ ಅಡ್ಡ ಅಥವಾ ಓರೆ. ನೇರ ಇಳಿಯಬೇಕೆಂದಾಗ ಅದು ಮಡಚಿ ಕೈಯಲ್ಲಿರಬೇಕು. ಇವೆರಡರ ನಡುವೆ ಮೂರನೆಯ ದಾರಿ ಇದೆ ಎಂದು ನಂಬಬೇಡಿ.

ಇನ್ನು ಕಲಿಕೆ. ಮೊದಲ ಪಾಠ ನೆಲದ ಮೇಲೆ. ಕಲ್ಲುಮುಳ್ಳಿಲ್ಲದ ಹುಲ್ಲು ಅಥವಾ ಮರಳು, 10ರಿಂದ 15 ನಾಟ್‌ನ ಹದವಾದ ಗಾಳಿ ಸಾಕು. ಬಾರ್‌ನ ಮುಂದಿನ ಕೊನೆಯಿಂದ ಹೋಗುವ ದಾರಗಳು ಬಟ್ಟೆಯ ಮುಂಅಂಚಿಗೆ, ಹಿಂದಿನವು ಹಿಂಅಂಚಿಗೆ. ಹಿಂಗೈ, ಅಂದರೆ ಬಾರ್‌ನ ಹಿಂದಿನ ಕೊನೆ ಹಿಡಿದ ಕೈ, ಎಳೆದರೆ ಬಲ ಬರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ವಿಂಗ್ ಬಲ್ಲ ನಿಮಗೆ ಇದು ಬೇಗ ಕೈಗೆ ಹತ್ತುತ್ತದೆ. ಹೊಸದು ಏನೆಂದರೆ, ಹಿಂಗೈಯನ್ನು ಹೆಚ್ಚು ಎಳೆದರೆ ಬಟ್ಟೆ ಉಸಿರುಗಟ್ಟಿ ಹಿಂದಕ್ಕೆ ಕುಸಿಯುತ್ತದೆ. ವಿಂಗ್ ಬೀಸಿ ಬೀಸಿ ಪಂಪ್ ಮಾಡಿ ಏಳುವ ನಿಮ್ಮ ಅಭ್ಯಾಸ ಇಲ್ಲಿ ನಡೆಯದು. ಕೈ ಮೆತ್ತಗಿರಲಿ, ಬೋರ್ಡನ್ನು ಒತ್ತಿ ಒತ್ತಿ ಏಳಿಸುವ ಪಂಪ್ ಎಲ್ಲ ಕಾಲಿನಿಂದ ಬರಲಿ.

ಹಾರಿಸಲು ಬಂತು ಅನ್ನಿಸಿದ ಕೂಡಲೇ ನೀರಿಗೆ ಓಡಬೇಡಿ. ಮಡಚುವುದನ್ನು ಅಲ್ಲೇ ಕಲಿಯಿರಿ. ಮುಂದಿನ ಕೈಯಿಂದ ಬಾರ್‌ಗೆ ತುಸು ಮೇಲೆ ಮುಂದಿನ ದಾರಗಳನ್ನು ಒಟ್ಟಾಗಿ ಹಿಡಿಯಿರಿ. ಹಿಂಗೈ ಬಿಡಿ. ಬಟ್ಟೆ ಬಲ ಕಳೆದುಕೊಂಡು ಬಾವುಟದ ಹಾಗೆ ಪಟಪಟನೆ ಬಡಿಯತೊಡಗುತ್ತದೆ. ಏನು ಕೆಟ್ಟರೂ ನಿಮ್ಮನ್ನು ಕಾಪಾಡುವ ಹಿಡಿತ ಇದು. ಯೋಚಿಸದೆ ಕೈ ಅಲ್ಲಿಗೆ ಹೋಗುವಂತಾಗಬೇಕು. ಅಲ್ಲಿಂದ ಮುಂದಕ್ಕೆ, ನಮ್ಮೂರ ಕಡಲಕರೆಯಲ್ಲಿ ಬಲೆ ಎಳೆಯುವವರ ಹಾಗೆ ಕೈಮೇಲೆ ಕೈ ಹಾಕಿ ದಾರ ಎಳೆದುಕೊಳ್ಳುತ್ತಾ ಬಟ್ಟೆಯ ನಡುಭಾಗಕ್ಕೆ ಬನ್ನಿ. ಮುಂಅಂಚು ಕೈಗೆ ಸಿಕ್ಕ ಮೇಲೆ ಬಟ್ಟೆಯನ್ನು ಮುದ್ದೆ ಮಾಡಿ ಹಿಡಿಯಿರಿ. ಬಟ್ಟೆ ಮೊದಲು ಚೀಲದೊಳಗೆ, ಬಾರ್ ಕೊನೆಗೆ. ಆಗ ತೆರೆಯುವಾಗ ಕೈಗೆ ಮೊದಲು ಸಿಗುವುದು ಬಾರ್. ದಾರಗಳು ಬಾರ್‌ನ ಸುತ್ತ ಒಂದು ಸುತ್ತೂ ಬೀಳಬಾರದು, ಬಾರ್ ದಾರಗಳ ನಡುವೆ ನುಸುಳಬಾರದು. ಹುಡ್ ರಿವರ್ ದಡದಲ್ಲಿ ಕೂತು ಗಂಟು ಬಿಡಿಸುತ್ತಿರುವವರನ್ನು ನೋಡಿದ್ದೀರಲ್ಲ, ಅವರಲ್ಲಿ ಹೆಚ್ಚಿನವರು ಕೆಟ್ಟದ್ದು ಇದೇ ಜಾಗದಲ್ಲಿ.

ತೆರೆಯುವುದು ಇದರ ತಿರುಗುಮುರುಗು. ಬಾರ್ ತೆಗೆದು ಯಾವ ಕೊನೆ ಮುಂದಿನದು ಎಂದು ಬಣ್ಣದಿಂದ ಗುರುತಿಸಿ, ಮುಂದಿನ ದಾರಗಳನ್ನು ಹಿಡಿದು ಬಟ್ಟೆಯನ್ನು ಗಾಳಿಗೆ ಬಿಡಿ, ನಿಧಾನ ಕೊಡವಿ. ಪೂರ್ತಿ ಬಿಚ್ಚಿಕೊಂಡಿತು ಎಂದು ಕಣ್ಣಿಗೆ ಕಂಡ ಮೇಲೆ ಕೈಯನ್ನು ಬಾರ್‌ಗೆ ಜಾರಿಸಿ, ಹಿಂಗೈಯಿಂದ ಬಲ ತುಂಬಿ. ಇದನ್ನು ಕಣ್ಣು ಮುಚ್ಚಿಯೂ ಮಾಡುವಷ್ಟು ಅಭ್ಯಾಸ ಆಗುವವರೆಗೆ ನೆಲ ಬಿಡಬೇಡಿ. ಇದು ಬೇಸರದ ಕೆಲಸ, ನಿಜ. ಆದರೆ ನೀರಿನ ಮೇಲೆ, ಫಾಯಿಲ್ ಓಡುತ್ತಿರುವಾಗ, ಕೈಯತ್ತ ನೋಡಲು ನಿಮಗೆ ಬಿಡುವು ಇರುವುದಿಲ್ಲ. ಕಣ್ಣು ಮುಂದಿನ ಉಬ್ಬಿನ ಮೇಲಿರಬೇಕು.

ನೀರಿನಲ್ಲಿ ಮೊದಲ ದಿನಗಳ ಜಾಗ ವಿಯೆಂಟೊ ಅಲ್ಲವೇ ಅಲ್ಲ. ಗಾಳಿ ನಿಮ್ಮನ್ನು ದಡದ ಕಡೆಗೆ ತಳ್ಳುವಂಥ, ಇಳಿದ ಮೇಲೆ ನಡೆದು ಹಿಂದಿರುಗಬಹುದಾದ ಜಾಗ ಹುಡುಕಿ. 15ರಿಂದ 20 ನಾಟ್ ಗಾಳಿ ಇರಲಿ. ಅಲ್ಲಿ ಮೊದಲ ಅಭ್ಯಾಸವಾಗಿ ಬೇಕೆಂದೇ ಪ್ಯಾರಾವಿಂಗ್ ಅನ್ನು ನೀರಿಗೆ ಹಾಕಿ. ಒದ್ದೆ ಬಟ್ಟೆ ನೀರಿಗೆ ಅಂಟಿಕೊಂಡು ಮಲಗಿರುತ್ತದೆ. ಬೋರ್ಡಿನ ಮೇಲೆ ಕೂತು, ಬಾರ್‌ನಿಂದ ಹೊರಟು ಮುಂದಿನ ದಾರಗಳನ್ನೇ ಹಿಡಿದು ಮುಂಅಂಚಿನವರೆಗೆ ಹೋಗಿ, ಅದನ್ನು ಎತ್ತಿ ನೀರು ಸುರಿಸಿ, ಅಡಿಗೆ ಗಾಳಿ ನುಗ್ಗಲು ಬಿಡಿ. ಒಮ್ಮೆ ಗಾಳಿ ಸಿಕ್ಕಿತೆಂದರೆ ತಾನೇ ಮೇಲೇಳುತ್ತದೆ. ದಾರ ತೊಡಕಾಗಿದ್ದರೆ ಸುಮ್ಮಸುಮ್ಮನೆ ಜಗ್ಗಬೇಡಿ. ಜಗ್ಗಿದಷ್ಟೂ ಗಂಟು ಬಿಗಿಯುತ್ತದೆ. ಇದು ನಿಶ್ಚಿಂತೆಯಿಂದ ಬರುವವರೆಗೆ ದೂರದ ಪ್ರಯಾಣದ ಮಾತು ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ವಿಂಗ್ ನಿಮಗೆ ಅರಿವಿಲ್ಲದೆ ಒಂದು ಅಭಯ ಕೊಟ್ಟಿದೆ. ಬಿದ್ದಾಗ ಅದು ತೇಲುತ್ತದೆ, ಅದರ ಮೇಲೆ ಒರಗಿಕೊಂಡು ದಡದತ್ತ ತೇಲಿ ಬರಬಹುದು. ಪ್ಯಾರಾವಿಂಗ್‌ನಿಂದ ಆ ಆಸರೆ ಸಿಗದು. ಆದ್ದರಿಂದ ಬೋರ್ಡ್ ನಿಮ್ಮ ಏಕೈಕ ದೋಣಿ. ಬೋರ್ಡಿನ ಲೀಶ್ (ಬೋರ್ಡನ್ನು ಮೈಗೆ ಕಟ್ಟುವ ಹಗ್ಗ) ಗಟ್ಟಿಯಾಗಿರಲಿ, ಆದಷ್ಟು ಸೊಂಟಕ್ಕೆ ಕಟ್ಟುವಂಥದ್ದು. ಮೈಮೇಲೆ ಲೈಫ್ ಜಾಕೆಟ್, ಅದಕ್ಕೆ ಸಿಕ್ಕಿಸಿದ ದಾರ ಕತ್ತರಿಸುವ ಚಿಕ್ಕ ಚಾಕು, ಸೀಟಿ, ನೀರು ನುಗ್ಗದ ಚೀಲದಲ್ಲಿ ಫೋನ್. ಮತ್ತೆ ಒಂದು ದಿನ ಗಾಳಿ ಇರುವಾಗಲೇ ಪ್ಯಾರಾವಿಂಗ್ ಮಡಚಿ ಒಳಗಿಟ್ಟು, ಬೋರ್ಡಿನ ಮೇಲೆ ಬೋರಲು ಮಲಗಿ, ಕೈಯಿಂದ ಹುಟ್ಟು ಹಾಕಿ ನದಿಯ ನಡುವಿನಿಂದ ದಡ ಸೇರಿ ನೋಡಿ. ಎಷ್ಟು ಹೊತ್ತು ಬೇಕು, ಭುಜ ಎಷ್ಟು ನೋಯುತ್ತದೆ ಎಂದು ಗೊತ್ತಾದರೆ ಮುಂದೆ ಯಾವ ಗಾಳಿಗೆ ಇಳಿಯಬೇಕು, ಯಾವುದಕ್ಕೆ ಇಳಿಯಬಾರದು ಎಂಬ ತೀರ್ಮಾನ ತಾನಾಗಿ ಬರುತ್ತದೆ.

ಸಲಕರಣೆಗೆ ಬರೋಣ. ನಿಮ್ಮ ತೂಕಕ್ಕೆ, ಕಲಿಯುವ ದಿನಗಳ 15-20 ನಾಟ್ ಗಾಳಿಗೆ, 4ರಿಂದ 4.5 ಚದರ ಮೀಟರ್ ಸರಿಹೋಗುತ್ತದೆ. ಹುಡ್ ರಿವರ್ ಇರುವ ಕೊಲಂಬಿಯಾ ಗಾರ್ಜ್ ಕಣಿವೆಯ ಬೇಸಿಗೆಯ 20-25 ನಾಟ್ ದಿನಗಳಿಗೆ 3ರಿಂದ 3.5. ಎರಡನ್ನೂ ಒಟ್ಟಿಗೆ ಕೊಳ್ಳಬೇಡಿ. ದೊಡ್ಡದರಲ್ಲಿ ಕಲಿಯಿರಿ, ಚಿಕ್ಕದು ಯಾವುದು ಬೇಕೆಂದು ಆಮೇಲೆ ನೀವೇ ಹೇಳುತ್ತೀರಿ. ಒಂದೇ ಅಳತೆಯಲ್ಲೂ ಒಂದೊಂದು ಕಂಪನಿಯದ್ದರ ಎಳೆತ ಬೇರೆ ಬೇರೆ. ಗಾಳಿಗೆ ಎದುರಾಗಿ ಚೆನ್ನಾಗಿ ಏರುವ ಮಾದರಿಗಳಿವೆ, ಸಲೀಸಾಗಿ ಮಡಚಿ ತೆರೆಯಬಹುದಾದ ಮಾದರಿಗಳಿವೆ. ನಿಮ್ಮ ಗುರಿ ಡೌನ್‌ವಿಂಡ್ ಆದ್ದರಿಂದ ಎರಡನೆಯ ಗುಣಕ್ಕೆ ಬೆಲೆ ಕೊಡಿ. ಅಂಗಡಿಯಲ್ಲಿ ಒಂದನ್ನು ಬಿಡಿಸಿ, ಮುದ್ದೆ ಮಾಡಿ, ಮತ್ತೆ ಬಿಡಿಸಿ ನೋಡಲು ಕೇಳಿ. ಹುಡ್ ರಿವರ್‌ನಂಥ ಊರಿನಲ್ಲಿ ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ.

ಬೋರ್ಡ್ ವಿಷಯದಲ್ಲಿ ಮಾತ್ರ ಕೈಬಿಗಿ ಬೇಡ. ಪ್ಯಾರಾವಿಂಗನ್ನು ವಿಂಗ್‌ನ ಹಾಗೆ ಬೀಸಿ ಏಳಲು ಆಗುವುದಿಲ್ಲ. ಹಾಗಾಗಿ ಬೋರ್ಡೇ ಬೇಗ ವೇಗ ಪಡೆಯಬೇಕು. ಗಿಡ್ಡ, ಅಗಲದ ವಿಂಗ್ ಬೋರ್ಡ್ ನೀರನ್ನು ತಳ್ಳುತ್ತಾ ನಿಂತುಬಿಡುತ್ತದೆ. ಉದ್ದ, ಕಿರಿದಾದದ್ದು ನೀರು ಸೀಳಿ ಓಡುತ್ತದೆ. ಕಲಿಯುವಾಗ ಬೋರ್ಡಿನ ಗಾತ್ರ ನಿಮ್ಮ ತೂಕದ ಕಿಲೋ ಅಂಕಿಗಿಂತ 20-25 ಲೀಟರ್ ಹೆಚ್ಚು, ಅಂದರೆ ಸುಮಾರು 95-100 ಲೀಟರ್ ಇರಲಿ. ಗಾಳಿ ನಿಂತಾಗ ಅದರ ಮೇಲೆ ಕೂರಬಹುದು, ಮಂಡಿಯೂರಬಹುದು, ಕೈಹುಟ್ಟು ಹಾಕಬಹುದು. ಫಾಯಿಲ್ 1000ದಿಂದ 1200 ಚದರ ಸೆಂಟಿಮೀಟರ್‌ನ, ಉದ್ದ ರೆಕ್ಕೆಯ, ಚೆನ್ನಾಗಿ ಜಾರುವಂಥದ್ದು. ಈಗ ಇರುವುದು ಆ ಸುತ್ತಿನಲ್ಲಿದ್ದರೆ ಬದಲಿಸಬೇಡಿ. ಸೊಂಟಪಟ್ಟಿಗೆ ಕೊಕ್ಕೆ ಹಾಕುವ ಹಾರ್ನೆಸ್ ಲೈನ್ ಗಾಳಿಗೆ ಎದುರಾಗಿ ಹೋಗುವಾಗ ತೋಳಿಗೆ ಬಹಳ ವಿಶ್ರಾಂತಿ ಕೊಡುತ್ತದೆ. ಆದರೆ ಬೀಳುವುದು ಕಡಿಮೆಯಾದ ನಂತರ ಅದನ್ನು ಸೇರಿಸಿ. ಕೊಕ್ಕೆ ಹಾಕಿಕೊಂಡೇ ದಾರಗಳ ನಡುವೆ ಬೀಳುವುದು ಹೊಸಬರಿಗೆ ಬೇಡದ ಅಪಾಯ.

ಈಗ ನಿಮ್ಮ ವಿಯೆಂಟೊ ದಾರಿ. ಕೊಲಂಬಿಯಾ ಗಾರ್ಜ್ ಏಕೆ ಇಷ್ಟು ಒಳ್ಳೆಯ ಜಾಗ ಎಂದು ತಿಳಿದರೆ ಅಲ್ಲಿ ಹೇಗೆ ಓಡಿಸಬೇಕೆಂಬುದೂ ತಿಳಿಯುತ್ತದೆ. ಬೇಸಿಗೆಯಲ್ಲಿ ಪಶ್ಚಿಮಕ್ಕೆ, ಸಾಗರದ ಕಡೆ ತಂಪು ಗಾಳಿ. ಪೂರ್ವಕ್ಕೆ ಕಾದ ಒಣ ಬಯಲು. ಇವೆರಡರ ನಡುವೆ ಕ್ಯಾಸ್ಕೇಡ್ ಬೆಟ್ಟಸಾಲು, ಅದನ್ನು ಸೀಳಿಕೊಂಡು ಹೋಗುವ ಒಂದೇ ದೊಡ್ಡ ಸಂದು ಈ ನದಿ ಕಣಿವೆ. ತಂಪು ಗಾಳಿ ಆ ಸಂದಿನಲ್ಲಿ ನುಗ್ಗಿ ಪೂರ್ವಕ್ಕೆ ಓಡುತ್ತದೆ. ನದಿ ಹರಿಯುವುದು ಪಶ್ಚಿಮಕ್ಕೆ. ಗಾಳಿಯೂ ಹರಿವೂ ಎದುರುಬದುರು ಆದಾಗ ಉಬ್ಬಲೆಗಳು ಕಡಿದಾಗಿ, ಒತ್ತೊತ್ತಾಗಿ ಏಳುತ್ತವೆ. ಹರಿವು ಅವನ್ನು ಹಿಂದಕ್ಕೆ ಎಳೆಯುವುದರಿಂದ ಅವುಗಳ ಓಟವೂ ನಿಧಾನ. ಮಾವಿಯ ಸಾಗರದ ಅಲೆಯನ್ನು ಬೆನ್ನಟ್ಟಿ ಹಿಡಿಯಬೇಕು, ಗಾರ್ಜ್‌ನ ಅಲೆಯನ್ನು ನೀವೇ ದಾಟಿ ಮುಂದೆ ಹೋಗಿಬಿಡುತ್ತೀರಿ. ದಾಟಿ ಮುಂದಿನ ಅಲೆಯ ಬೆನ್ನಿಗೆ ಹತ್ತಿದರೆ ವೇಗ ಸತ್ತು ಫಾಯಿಲ್ ಕೂರುತ್ತದೆ. ಆದ್ದರಿಂದ ಇಲ್ಲಿ ನೇರ ಓಡುವ ಆಸೆ ಬಿಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತಾ, ಇಳಿಜಾರಿನ ಮೇಲೆಯೇ ಉಳಿದು, ಎದುರಿನ ಉಬ್ಬು ಎಲ್ಲಿ ತಗ್ಗಾಗಿದೆ ಎಂದು ನೋಡಿ ಆ ಸಂದಿನಿಂದ ಮುಂದಿನದಕ್ಕೆ ದಾಟಬೇಕು. ನಿಮ್ಮ ಕಾಲ ಕೆಳಗಿನ ಅಲೆಯನ್ನು ನೋಡುತ್ತಾ ಹೋದರೆ ಇದು ಎಂದೂ ಬರದು. ಎರಡು ಅಲೆ ಮುಂದೆ ಕಣ್ಣಿಡಿ. ಈ ಆಟದ ರುಚಿ ಇರುವುದು ಇಲ್ಲೇ. ಒಮ್ಮೆ ಇದು ಮೈಗೆ ಹತ್ತಿದರೆ ಕೈಯಲ್ಲಿ ಏನೂ ಇಲ್ಲದೆ ಸಾಗುವ ಆ ನಿಮಿಷಗಳಿಗಾಗಿ ನೀವು ವಾರವಿಡೀ ಕಾಯುತ್ತೀರಿ.

ವಿಯೆಂಟೊದಿಂದ ಹುಡ್ ರಿವರ್‌ಗೆ ಸುಮಾರು 13 ಕಿಲೋಮೀಟರ್. ಪ್ಯಾರಾವಿಂಗ್ ಇದ್ದರೂ ಮೊದಲ ಸಲ ಪೂರ್ತಿ ದಾರಿ ಬೇಡ. ಹುಡ್ ರಿವರ್‌ನ ದಡದಿಂದಲೇ ಹೊರಟು, ಗಾಳಿಗೆ ಎದುರಾಗಿ ಒಂದೆರಡು ಕಿಲೋಮೀಟರ್ ಏರಿ, ಮಡಚಿ, ಇಳಿದು ಬನ್ನಿ. ಮತ್ತೆ ತೆರೆದು ಏರಿ. ಎರಡು ಕಾರು, ಜೊತೆಗಾರರ ಬಿಡುವು, ಯಾವುದಕ್ಕೂ ಕಾಯಬೇಕಿಲ್ಲ. ನನ್ನ ದೃಷ್ಟಿಯಲ್ಲಿ ಪ್ಯಾರಾವಿಂಗ್ ತಂದ ದೊಡ್ಡ ಬದಲಾವಣೆ ಇದೇ. ಡೌನ್‌ವಿಂಡ್‌ಗೆ ಮೊದಲೆಲ್ಲ ಹುಟ್ಟು ಹಿಡಿದು ನಿಂತ ನೀರಿನಿಂದ ಪಂಪ್ ಮಾಡಿ ಏಳುವ ಕಠಿಣ ವಿದ್ಯೆ ಬೇಕಿತ್ತು, ಅದಕ್ಕೇ ವರ್ಷಗಟ್ಟಲೆ ಹಿಡಿಯುತ್ತಿತ್ತು. ಈಗ ಒಂದು ಮಧ್ಯಾಹ್ನದಲ್ಲಿ ಹಲವು ಸಲ ಎದ್ದು, ಇಳಿದು, ಮತ್ತೆ ಏಳಬಹುದು.

ಹಾಗೆ ಇಳಿಯುತ್ತಿರುವಾಗ ಫಾಯಿಲ್ ಕೂರುವ ಮುನ್ಸೂಚನೆ ಕಂಡರೆ ಚೀಲಕ್ಕೆ ಕೈ ಹಾಕಲು ತಡಮಾಡಬೇಡಿ. ಓಡುತ್ತಲೇ ತೆರೆಯುವುದಾದರೆ ಮೊದಲು ಬೋರ್ಡನ್ನು ಗಾಳಿಗೆ ಅಡ್ಡ ತಿರುಗಿಸಿ. ಮೇಲೆ ಹೇಳಿದ ಲೆಕ್ಕ ಇಲ್ಲೂ ಅದೇ: ನೇರ ಇಳಿಯುವಾಗ ಬಟ್ಟೆಗೆ ಗಾಳಿಯೇ ಸಿಗುವುದಿಲ್ಲ, ಅಡ್ಡ ತಿರುಗಿದ ಕೂಡಲೇ ಸಿಗುತ್ತದೆ. ಆರಂಭದ ತಿಂಗಳುಗಳಲ್ಲಿ ಹತ್ತರಲ್ಲಿ ಒಂಬತ್ತು ಸಲ ನೀವು ಕೂತೇ ತೆರೆಯುತ್ತೀರಿ, ಅದರಲ್ಲಿ ಕೊರತೆಯೇನಿಲ್ಲ.

ಪೂರ್ತಿ ದಾರಿಗೆ ಇಳಿಯುವ ದಿನ ಜೊತೆಗೊಬ್ಬರು ಇರಲೇಬೇಕು. ನದಿಯಲ್ಲಿ ಸರಕಿನ ಬಾರ್ಜ್‌ಗಳು ಓಡಾಡುತ್ತವೆ. ಅವು ನಿಮಗಾಗಿ ನಿಲ್ಲಲಾರವು, ತಿರುಗಲಾರವು. ದೂರದಲ್ಲಿ ಒಂದು ಕಂಡರೆ ಅದು ಹೋಗುವ ದಾರಿಯಿಂದ ಪಕ್ಕಕ್ಕೆ ಸರಿದು, ದಾಟಿ ಹೋಗುವವರೆಗೆ ಕಾಯಿರಿ. ಅದರ ಮುಂದೆ ಪ್ಯಾರಾವಿಂಗ್ ತೊಡಕಾಗಿ ಕೂರುವ ಪರಿಸ್ಥಿತಿ ತಂದುಕೊಳ್ಳಬೇಡಿ. ವಸಂತದಲ್ಲಿ ನೀರು ತುಂಬ ತಣ್ಣಗಿರುತ್ತದೆ, ಹರಿವೂ ಜೋರು. ದಪ್ಪ ವೆಟ್‌ಸೂಟ್ ಇಲ್ಲದೆ ಇಳಿಯಬಾರದು. ಕಲಿಯಲು ಜುಲೈ, ಆಗಸ್ಟ್ ಒಳ್ಳೆಯ ಕಾಲ. ಹುಡ್ ರಿವರ್ ತಲುಪಿದಾಗ ಮೊದಲು ಸಿಗುವುದು ಹುಕ್, ಆಮೇಲೆ ವಾಟರ್‌ಫ್ರಂಟ್ ಪಾರ್ಕ್, ಈವೆಂಟ್ ಸೈಟ್ ಎಂಬ ದಡಗಳು. ಅಲ್ಲೇ ದಡ ಹತ್ತಿಬಿಡಿ. ಅದರಾಚೆ ಹುಡ್ ನದಿ ಬಂದು ಸೇರುವ ಕಡೆ 2006ರ ನವೆಂಬರ್ ಪ್ರವಾಹ ತಂದು ಸುರಿದ ಮರಳ ದಿಬ್ಬ ನದಿಯೊಳಕ್ಕೆ ಚಾಚಿಕೊಂಡಿದೆ. ಆಳ ಇಲ್ಲದಲ್ಲಿ ವೇಗದಲ್ಲಿ ಬಂದ ಫಾಯಿಲ್ ತಟ್ಟನೆ ಸಿಕ್ಕಿಕೊಂಡರೆ ನೀವು ಮುಂದಕ್ಕೆ ಎಸೆಯಲ್ಪಡುತ್ತೀರಿ, ಬಿದ್ದ ಜಾಗದಲ್ಲಿ ಮಂಡಿಯುದ್ದ ನೀರು.

ಕೊನೆಗೆ ಕಾಪು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಗಾಳಿ ಬೇಕಾದಷ್ಟಿರುತ್ತದೆ, ಆದರೆ ದಡಕ್ಕೆ ಬಡಿಯುವ ಮಳೆಗಾಲದ ತೆರೆಗಳನ್ನು ದಾಟಿ ಹೊರಗೆ ಹೋಗುವುದೂ ಒಳಗೆ ಬರುವುದೂ ಎರಡೂ ಅಪಾಯ. ಯಾಂತ್ರಿಕ ದೋಣಿಗಳೇ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಿಂದ ಬಂದರಿನಲ್ಲಿರುತ್ತವೆ. ಹಾಗಾಗಿ ನಿಮಗೇನಾದರೂ ಆದರೆ ಹತ್ತಿರದಲ್ಲಿ ನೆರವಿಗೆ ದೋಣಿ ಸಿಗುವುದೂ ಕಷ್ಟ. ಫೆಬ್ರವರಿಯಿಂದ ಮೇ ಮೊದಲ ಭಾಗದವರೆಗೆ ಮಧ್ಯಾಹ್ನದ ನಂತರ ವಾಯವ್ಯದಿಂದ ಕಡಲಗಾಳಿ ಓರೆಯಾಗಿ ದಡದ ಕಡೆಗೆ ಬೀಸುತ್ತದೆ. ದಿಕ್ಕು ಹೊಸಬರಿಗೆ ಹೇಳಿ ಮಾಡಿಸಿದ್ದು, ಎಡವಿದರೆ ದಡಕ್ಕೇ ಬರುತ್ತೀರಿ, ದಕ್ಷಿಣಕ್ಕೆ ಇಳಿದು ಬರಬಹುದು. ಆದರೆ ಬಹಳಷ್ಟು ದಿನ ಅದರ ಬಲ 10-12 ನಾಟ್ ಆಚೀಚೆ. ಅಷ್ಟರಲ್ಲಿ ಏಳಲು 5ಕ್ಕಿಂತ ದೊಡ್ಡ ಪ್ಯಾರಾವಿಂಗ್, ದೊಡ್ಡ ಫಾಯಿಲ್, ನುರಿತ ಕಾಲು ಬೇಕು. ಊರಿಗೆ ಬರುವಾಗ 5ರ ವಿಂಗನ್ನೇ ತನ್ನಿ, ಪ್ಯಾರಾವಿಂಗನ್ನು ದಡದ ಮರಳಿನಲ್ಲಿ ಮಡಚಿ ತೆರೆಯುವ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ದೀಪಸ್ತಂಭದ ಬಂಡೆಗಳಿಂದ ದೂರ ಇರಿ. ನೀರಿಗೆ ಇಳಿಯುವ ಮೊದಲು ಕಡಲಕರೆಯಲ್ಲಿ ಇರುವ ಮೀನುಗಾರರನ್ನು ಮಾತನಾಡಿಸಿ, ಬಲೆ ಎಲ್ಲೆಲ್ಲಿ ಬಿಟ್ಟಿದ್ದಾರೆ, ಕೈರಂಪಣಿ ಎಳೆಯುವುದು ಎಷ್ಟು ಹೊತ್ತಿಗೆ ಎಂದು ಕೇಳಿಕೊಳ್ಳಿ. ಫಾಯಿಲ್ ಅವರ ಬಲೆಗೆ ಸಿಕ್ಕರೆ ನಿಮಗೆ ಪೆಟ್ಟು, ಅವರಿಗೆ ಆ ದಿನದ ದುಡಿಮೆ ನಷ್ಟ.